ಬಲಭುಜದ ಗಂಟು

ಕರಿಕೆ
18 ಜನವರಿ 2024

ಶ್ರೀ ಕರಿಬಸಪ್ಪನವರಿಗೆ,

ಹನ್ನೊಂದು ವರ್ಷದ ಮೇಲೆ ಬರೆಯುತ್ತಿದ್ದೇನೆ. ನನ್ನ ನಂಬರನ್ನು ನೀವು ಬ್ಲಾಕ್ ಮಾಡಿ ಇಟ್ಟಿರುವುದರಿಂದ ಅಂಚೆಯೇ ಗತಿ. ಇನ್ನು ಅಣ್ಣ ಎಂದು ಕರೆಯಬೇಡ ಎಂದು ನೀವೇ ಹೇಳಿದ್ದಿರಿ, ಅದಕ್ಕೆ ಹೆಸರು ಹಿಡಿದು ಬರೆದಿದ್ದೇನೆ. ಕ್ಷೇಮ ಸಮಾಚಾರ ಕೇಳಲು ಬರೆದದ್ದಲ್ಲ.

ನಿಮ್ಮ ಬಲಭುಜದಲ್ಲಿ ಗಂಟು ಎದ್ದಿದೆ ಎಂದು ಸುಧಾ ಅತ್ತಿಗೆ ತಿಳಿಸಿದರು. ಹೋದ ವರ್ಷ ನಿಂಬೆಹಣ್ಣಿನಷ್ಟಿತ್ತಂತೆ, ಈಗ ಕಿತ್ತಳೆಯಷ್ಟಾಗಿದೆಯಂತೆ. ಹೇಳಿದ್ದಕ್ಕೆ ಅವರ ಮೇಲೆ ಎಗರಾಡಬೇಡಿ. ಗಂಡನ ಅಂಗಿ ಒಗೆಯುವವರಿಗೆ ಭುಜದ ಹೊಲಿಗೆ ಬಿಟ್ಟುಕೊಂಡಿರುವುದು ಕಾಣುತ್ತದೆ.

ಇಪ್ಪತ್ತು ವರ್ಷದಿಂದ ನರ್ಸ್ ಕೆಲಸ ಮಾಡುತ್ತಿದ್ದೇನೆ, ಕೇಳುವ ಹಕ್ಕು ಅಷ್ಟರಿಂದಲೇ ಬಂದಿದೆ ಎಂದುಕೊಳ್ಳಿ. ಗಂಟು ಮೆತ್ತಗಿದೆಯೋ ಗಟ್ಟಿಯೋ, ಒತ್ತಿದರೆ ಚರ್ಮದ ಜೊತೆ ಸರಿಯುತ್ತದೆಯೋ ಇಲ್ಲವೋ, ಬೆರಳಿಗೆ ಜೋಮು ಬರುತ್ತದೆಯೋ, ಇಷ್ಟನ್ನು ಬರೆಯಿರಿ. ಅಪ್ಪನ ತೊಡೆಯ ಗಂಟನ್ನು ನೀವೆಲ್ಲ ಕೊಬ್ಬು, ಕೊಬ್ಬು ಎಂದು ಎರಡು ವರ್ಷ ಕಳೆದಿರಿ. ಕ್ಯಾನ್ಸರ್ ಎಂದು ಗೊತ್ತಾದಾಗ ಡಾಕ್ಟರಿಗೆ ಮಾಡಲು ಏನೂ ಉಳಿದಿರಲಿಲ್ಲ. ನಿಮ್ಮದೂ ಅದೇ ಆಗಿರಬಹುದು, ಆಗದೆಯೂ ಇರಬಹುದು. ಕೈಯಲ್ಲಿ ಮುಟ್ಟಿ ಯಾರೂ ಹೇಳಲಾರರು.

ವಿನುತಾ

—

ಮಾದಾಪುರ
2 ಫೆಬ್ರವರಿ 2024

ಕರಿಕೆಯ ಸೋಮಯ್ಯನ ಹೆಂಡತಿಗೆ,

ಕಾಗದ ತಲುಪಿತು. ಸುಧಾ ಚಾಡಿ ಹೇಳಿದ್ದೂ ತಿಳಿಯಿತು. ಈ ಮನೆಯಲ್ಲಿ ಯಾರಿಗೆ ಏನಾದರೆ ನಿನಗೇನು? ಹನ್ನೊಂದು ವರ್ಷದಲ್ಲಿ ಮೂರು ಸಲ ಜ್ವರ ಬಂದು ಮಲಗಿದ್ದೆ, ಆಗ ಇಲ್ಲದ ನರ್ಸಮ್ಮ ಈಗ ಎಲ್ಲಿಂದ ಬಂದಳು?

ಗಂಟು ಬಂದದ್ದು ಏಣಿಯಿಂದ. ನಲವತ್ತು ಅಡಿಯ ಒಂಟಿ ಬಿದಿರಿನ ಏಣಿಯನ್ನು ಮೆಣಸಿನ ಬಳ್ಳಿಯಿಂದ ಬಳ್ಳಿಗೆ ಇದೇ ಭುಜದಲ್ಲಿ ಹೊತ್ತವನು ನಾನು. ಎಸ್ಟೇಟ್ ಇಟ್ಟುಕೊಂಡು, ಆಳುಗಳ ಲೆಕ್ಕ ಬರೆಯುವ ರೈಟರ್ ಕೈಯಲ್ಲಿ ಕೆಲಸ ಮಾಡಿಸಿ ಜಗಲಿಯಲ್ಲಿ ಕೂರುವ ಜಾತಿ ನನ್ನದಲ್ಲ. ಎತ್ತಿನ ಹೆಗಲಿಗೆ ನೊಗದ ಗಡ್ಡೆ ಬರುವುದಿಲ್ಲವೇ, ಇದೂ ಹಾಗೆ. ತೋಟದ ಆಳು ಕರಿಯ ದಿನ ಬಿಟ್ಟು ದಿನ ಬಂದು ಎಣ್ಣೆ ಹಾಕಿ ತಿಕ್ಕುತ್ತಿದ್ದಾನೆ. ಕರಗುತ್ತಿದೆ. ಕೈ ಇಳಿಬಿಟ್ಟಾಗ ಕಾಣುತ್ತದೆ, ಮುಷ್ಟಿ ಬಿಗಿದು ಕೈ ಎತ್ತಿದರೆ ಒಳಗೆ ಹೋಗಿಬಿಡುತ್ತದೆ, ಮುಟ್ಟಿದರೆ ಮರದ ತುಂಡಿನ ಹಾಗೆ ಗಟ್ಟಿ. ರೋಗದ ಗಂಟಾಗಿದ್ದರೆ ಹೀಗೆ ಹೇಳಿದ ಮಾತು ಕೇಳುತ್ತಿತ್ತೇ?

ಅಪ್ಪನ ಹೆಸರನ್ನು ನಿನ್ನ ಕಾಗದದಲ್ಲಿ ಎಳೆಯಬೇಡ. ಕೊರಳಿನ ಲಿಂಗವನ್ನು ಬಿಟ್ಟು ಹೊಸ್ತಿಲು ದಾಟಿದವಳಿಗೆ ನಮ್ಮ ಮನೆಯವರ ಮೈ ಮುಟ್ಟುವ ಮಾತು ಬೇಡ.

ಕರಿಬಸಪ್ಪ

—

ಕರಿಕೆ
9 ಫೆಬ್ರವರಿ 2024

ಶ್ರೀ ಕರಿಬಸಪ್ಪನವರಿಗೆ,

ನಾನು ಕೇಳಿದ್ದು ಗಂಟಿನ ವಿಷಯ. ಲಿಂಗದ ಮಾತು ತೆಗೆದದ್ದು ನೀವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ತೆಗೆದಿದ್ದೀರಲ್ಲ, ಹೇಳಿಬಿಡುತ್ತೇನೆ. ನಾನು ಲಿಂಗ ಬಿಟ್ಟು ಹೋಗಲಿಲ್ಲ. ಗೌಡರ ಮನೆಗೆ ಹೋಗುವವಳಿಗೆ ಇದು ಏಕೆ ಎಂದು ನೀವು ಕೈ ಚಾಚಿದಿರಿ. ನಾನು ಕೊಡದಿದ್ದಾಗ ಶಿವದಾರವನ್ನು ಎಳೆದಿರಿ. ದಾರ ಕತ್ತಿಗೆ ಕೊರೆದ ಗೆರೆ ವಾರವಿಡೀ ಇತ್ತು. ಆಸ್ಪತ್ರೆಯಲ್ಲಿ ಕೇಳಿದವರಿಗೆಲ್ಲ ಮುಳ್ಳುತಂತಿ ತಗುಲಿತು ಎಂದೆ. ಅವತ್ತು ನಿಮ್ಮ ಮುಖವನ್ನು ನೋಡಿದ ಹಾಗೆ ನಾನು ಯಾರ ಮುಖವನ್ನೂ ಅಷ್ಟು ದ್ವೇಷದಿಂದ ನೋಡಿಲ್ಲ. ಇವತ್ತಿಗೂ ಅದು ಹೋಗಿಲ್ಲ.

ಈಗ ಗಂಟು. ಅದು ಮಾತು ಕೇಳುತ್ತದೆ ಎಂದು ಬರೆದು ನನಗೆ ಬೇಕಾದದ್ದನ್ನೆಲ್ಲ ಹೇಳಿದ್ದೀರಿ. ಚರ್ಮದ ಕೆಳಗಿನ ಸಾದಾ ಕೊಬ್ಬಿನ ಗಂಟು ಕೈ ಎತ್ತಿದರೂ ಇಳಿಸಿದರೂ ಒಂದೇ ಥರ ಇರುತ್ತದೆ. ಸ್ನಾಯು ಬಿಗಿದಾಗ ಒಳಸರಿದು ಗಟ್ಟಿಯಾಗುವುದು ಸ್ನಾಯುವಿನ ಒಳಗೇ ಬೆಳೆದ ಗಂಟು. ಅದೂ ಹೆಚ್ಚಿನ ಪಾಲು ನಿರಪಾಯದ ಕೊಬ್ಬೇ. ಆದರೆ ಆಳದಲ್ಲಿರುವುದು, ಕಿತ್ತಳೆಯಷ್ಟಾಗಿರುವುದು, ವರ್ಷದಲ್ಲಿ ಬೆಳೆದಿರುವುದು, ಇಷ್ಟು ಸೇರಿದರೆ ಯಾವ ಡಾಕ್ಟರೂ ಎಂಆರ್‌ಐ ಮಾಡಿಸದೆ ಬಿಡುವುದಿಲ್ಲ. ಏಣಿಗೂ ಅದಕ್ಕೂ ಸಂಬಂಧವಿಲ್ಲ. ತಿಕ್ಕಿದರೆ ಕರಗುವುದೂ ಇಲ್ಲ. ಕರಿಯನಿಗೆ ಸೊಪ್ಪು ಕಡಿಯುವ ಕೆಲಸ ಕೊಡಿ, ನಿಮ್ಮ ಭುಜ ಬಿಟ್ಟುಬಿಡಲಿ. ಮೈಸೂರಿಗೆ ಹೋಗಿ.

ಜೋಮಿನ ಪ್ರಶ್ನೆಗೆ ನೀವು ಉತ್ತರ ಬರೆದಿಲ್ಲ. ಬರೆಯದೆ ಇದ್ದದ್ದೇ ಉತ್ತರವೆಂದು ತಿಳಿದಿದ್ದೇನೆ.

ವಿನುತಾ

—

ಮಾದಾಪುರ
21 ಮಾರ್ಚ್ 2024

ಮೈಸೂರಿಗೆ ಹೋಗಿ ಬಂದೆ. ಸ್ಕ್ಯಾನ್ ಆಯಿತು. ಏನೂ ಇಲ್ಲವಂತೆ. ಇನ್ನು ಬರೆಯುವ ಅಗತ್ಯವಿಲ್ಲ.

ಕರಿಬಸಪ್ಪ

—

ಕರಿಕೆ
1 ಏಪ್ರಿಲ್ 2024

ಅಣ್ಣ ಅನ್ನಿಸಿಕೊಂಡವನೇ,

ಇನ್ನು ನೀವು ಗೀವು ಸಾಕು. ಸುಳ್ಳು ಹೇಳುವವನಿಗೆ ಮರ್ಯಾದೆ ದಂಡ.

ಏನೂ ಇಲ್ಲ ಎಂದು ಯಾವ ಸ್ಕ್ಯಾನೂ ಹೇಳುವುದಿಲ್ಲ. ಗಂಟು ಇರುವ ಭುಜದ ಚಿತ್ರದಲ್ಲಿ ಗಂಟಾದರೂ ಇರಬೇಕಲ್ಲ. ಮನೆಗೆ ತಂದ ಚೀಟಿಯ ಫೋಟೋ ಕಳಿಸಿ ಎಂದು ಅತ್ತಿಗೆಯನ್ನು ಕೇಳಿದೆ. ಇಲ್ಲಿ ಸಿಗ್ನಲ್ ಬರುವುದು ಗುಡ್ಡದ ತಿರುವಿನಲ್ಲಿ ಮಾತ್ರ. ಅಲ್ಲೇ ನಿಂತು ಓದಿದೆ. ರೋಗಿ ಪರೀಕ್ಷೆ ಮಾಡಿಸಿಕೊಳ್ಳದೆ ಹಿಂತಿರುಗಿದ್ದಾರೆ ಎಂದು ಬರೆದಿದೆ. ಅತ್ತಿಗೆಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಒಳಗೆ ಹೋಗಿ, ಮುಕ್ಕಾಲು ಗಂಟೆ ಕಳೆದು ಬಂದು ಆಯಿತು ನಡಿ ಎಂದೆಯಂತೆ.

ಅದು ಒಂದು ಕೊಳವೆ. ಅರ್ಧ ಗಂಟೆ ಅಲ್ಲಾಡದೆ ಮಲಗಬೇಕು, ಸ್ವಲ್ಪ ಸದ್ದು ಮಾಡುತ್ತದೆ. ಎಂಬತ್ತು ವರ್ಷದ ಮುದುಕಿಯರು ಮಲಗಿ ಎದ್ದು ಬರುತ್ತಾರೆ. ತಂಗಿಯ ಮುಂದೆ ಹುಲಿಯ ಹಾಗೆ ಗುಡುಗುವವನು ಯಂತ್ರಕ್ಕೆ ಹೆದರಿ ಓಡಿ ಬಂದೆ. ಅಪ್ಪನೂ ಹೀಗೇ ಹೆದರಿದರು. ಅವರಿಗಾದರೂ ಮುಂದೆ ಏನಾಗುತ್ತದೆ ಎಂದು ಗೊತ್ತಿರಲಿಲ್ಲ. ನಿನಗೆ ಗೊತ್ತಿದೆ, ಕಡೆಯ ತಿಂಗಳು ಅವರನ್ನು ಮಗ್ಗುಲು ಹೊರಳಿಸಿದವನು ನೀನೇ. ಹೇಡಿ.

ವಿನುತಾ

—

ಮಾದಾಪುರ
13 ಏಪ್ರಿಲ್ 2024

ವಿನುತಾಗೆ,

ಹೇಡಿ ಎಂದು ನನ್ನನ್ನು ಕರೆದವರು ಇದುವರೆಗೆ ಯಾರೂ ಇಲ್ಲ. ಆದ್ದರಿಂದ ಉತ್ತರ ಬರೆಯುತ್ತಿದ್ದೇನೆ. ನಗುವುದಾದರೆ ನಕ್ಕುಬಿಡು.

ಒಳಗೆ ಒಬ್ಬ ಹುಡುಗಿ ಪ್ಲಾಸ್ಟಿಕ್ ಟ್ರೇ ಹಿಡಿದು ನಿಂತಿದ್ದಳು. ವಾಚು, ಬೆಲ್ಟು, ಉಂಗುರ, ಚಪ್ಪಲಿ ಎಲ್ಲ ಬಿಚ್ಚಿದೆ. ಆಮೇಲೆ ನನ್ನ ಎದೆಯ ಕಡೆ ಬೆರಳು ತೋರಿಸಿ, "ಸಾರ್, ಅದನ್ನೂ ಇದರಲ್ಲಿ ಹಾಕಿ" ಎಂದಳು. ಚಪ್ಪಲಿಯ ಪಕ್ಕದಲ್ಲಿ. ಇದು ಒಡವೆಯಲ್ಲಮ್ಮ, ಇಷ್ಟಲಿಂಗ, ಮೈಮೇಲಿಂದ ಇಳಿಸುವ ಹಾಗಿಲ್ಲ ಎಂದೆ. ಲಿಂಗವಿಟ್ಟ ಕರಡಿಗೆ ಬೆಳ್ಳಿಯದು, ಯಂತ್ರದ ಹತ್ತಿರ ಲೋಹ ಬರಬಾರದು ಎಂದಳು. ಕರಡಿಗೆಯಿಂದ ತೆಗೆದು ಬರೀ ಬಟ್ಟೆಯಲ್ಲಿ ಕಟ್ಟಿಕೊಳ್ಳುತ್ತೇನೆ ಎಂದೆ. ಲಿಂಗದ ಒಳಗೆ ಏನು ಸೇರಿಸಿದ್ದಾರೋ ತನಗೆ ಗೊತ್ತಿಲ್ಲ, ಬಿಡುವುದಿಲ್ಲ ಎಂದಳು. ದೊಡ್ಡವರನ್ನು ಕರೆದಳು, ಅವರೂ ಅದನ್ನೇ ಹೇಳಿದರು. ಬೇರೆಯವರಿಗೆ ತಡವಾಗುತ್ತದೆ, ಬೇಗ ಹೇಳಿ ಎಂದರು.

ಹುಟ್ಟಿದಾಗ ಕಟ್ಟಿದ್ದು. ಐವತ್ತಾರು ವರ್ಷದಲ್ಲಿ ಪೂಜೆಗೆ ಅಂಗೈಗೆ ಬಂದದ್ದು ಬಿಟ್ಟರೆ ನನ್ನ ಮೈ ಬಿಟ್ಟಿಲ್ಲ. ನಾನು ಆ ಗೌನು ತೊಟ್ಟುಕೊಂಡು ಕರಡಿಗೆ ಹಿಡಿದು ಗೋಡೆಗೆ ಒರಗಿ ನಿಂತಿದ್ದೆ. ನನ್ನಿಂದ ಆಗಲಿಲ್ಲ, ಬಂದುಬಿಟ್ಟೆ.

ಯಂತ್ರವನ್ನು ನಾನು ಕಣ್ಣಿನಿಂದಲೂ ನೋಡಲಿಲ್ಲ. ಹೆದರಿಕೆಯ ಮಾತು ವಾಪಸ್ಸು ತೆಗೆದುಕೋ. ಬೆರಳಿಗೆ ಜೋಮು ಇಲ್ಲ. ಭುಜದ ಹೊರಮೈಯಲ್ಲಿ ಅಂಗೈ ಅಗಲ ಜಾಗದಲ್ಲಿ ಚಿವುಟಿದರೂ ತಿಳಿಯುವುದಿಲ್ಲ. ಅದನ್ನು ಸುಧಾಗೆ ಹೇಳಬೇಡ.

ಕರಿಬಸಪ್ಪ

—

ಕರಿಕೆ
22 ಏಪ್ರಿಲ್ 2024

ಅಣ್ಣ,

ನಗಲಿಲ್ಲ. ಹೇಡಿ ಎಂದದ್ದನ್ನು ವಾಪಸ್ಸು ತೆಗೆದುಕೊಂಡಿದ್ದೇನೆ. ಅದಕ್ಕಿಂತ ಕೆಟ್ಟ ಮಾತು ಇದೆ, ಅದು ಇರಲಿ.

ನಿನ್ನದನ್ನು ತೆಗೆ ಎಂದು ಆ ಹುಡುಗಿ ನಿನಗೆ ಮುಕ್ಕಾಲು ಗಂಟೆ ಸಮಯ ಕೊಟ್ಟಳು. ಸಾರ್ ಎಂದಳು. ಮೈ ಮುಟ್ಟಲಿಲ್ಲ. ನೀನು ನನಗೆ ಎರಡು ನಿಮಿಷವೂ ಕೊಡಲಿಲ್ಲ. ನೀನು ಬರೆದ ಕಾಗದವನ್ನು ಮೂರು ಸಲ ಓದಿದೆ. ಬರೆಯುವಾಗ ನಿನಗೆ ಇದು ಹೊಳೆದಿರಬೇಕು ಎಂದು ಹುಡುಕಿದೆ. ಒಂದು ಸಾಲೂ ಇಲ್ಲ. ಅಷ್ಟು ದಪ್ಪ ಚರ್ಮದ ಒಳಗೆ ಗಂಟು ಕಂಡದ್ದೇ ಹೆಚ್ಚು.

ಮಠದ ಅಯ್ಯನವರನ್ನು ಕೇಳಿದ್ದೇನೆ. ಲಿಂಗವಂತರೊಬ್ಬರು ಸ್ನಾನ ಮಾಡಿ ಬಂದು, ಅಂಗೈಯಲ್ಲಿ ಹಿಡಿದು ಬಾಗಿಲ ಹೊರಗೆ ಕೂತರೆ ದೋಷವಿಲ್ಲ, ನೆಲಕ್ಕೂ ಟ್ರೇಗೂ ಇಡಬಾರದು ಅಷ್ಟೇ ಎಂದರು. ಅತ್ತಿಗೆ ಹಿಡಿಯಲಿ. ಇಷ್ಟು ಸಣ್ಣ ಮಾತನ್ನು ಹೊರಗೆ ಬೆಂಚಿನ ಮೇಲಿದ್ದ ಹೆಂಡತಿಯ ಹತ್ತಿರ ಕೇಳಲು ಬಾರದೆ ನೂರಿಪ್ಪತ್ತು ಕಿಲೋಮೀಟರ್ ವಾಪಸ್ಸು ಬಂದೆ. ನಿನಗೆ ಹೆಂಗಸರ ಕೈಯಿಂದ ಕಿತ್ತುಕೊಂಡು ಗೊತ್ತು, ಅವರ ಕೈಗೆ ಕೊಟ್ಟು ಗೊತ್ತಿಲ್ಲ.

ಮರಗಟ್ಟಿದ ಜಾಗದ ಸುದ್ದಿ ಮುಖ್ಯವಾದದ್ದು. ಗಂಟು ಭುಜದ ನರವನ್ನು ಒತ್ತುತ್ತಿದೆ. ಡಾಕ್ಟರಿಗೆ ಮೊದಲು ಅದನ್ನು ಹೇಳು. ಈ ತಿಂಗಳು ದಾಟಿಸಬೇಡ.

ವಿನುತಾ

—

ಮಾದಾಪುರ
20 ಮೇ 2024

ವಿನುತಾಗೆ,

ನಿನ್ನ ಮಾತಿನ ಮೇಲೆ ಹೋದೆ ಎಂದುಕೊಳ್ಳಬೇಡ. ನಾನೇ ಮಠಕ್ಕೆ ಹೋಗಿ ಅಯ್ಯನವರನ್ನು ಕೇಳಿ, ಅವರ ಬಾಯಿಂದ ಕೇಳಿದ ಮೇಲೆ ಹೋದದ್ದು. ಅವರಿಗೂ ವಯಸ್ಸಾಯಿತು. ನಿನ್ನ ತಂಗಿ ವರ್ಷ ವರ್ಷ ಬಂದು ಹೋಗುತ್ತಾಳಲ್ಲ ಎಂದು ಯಾರನ್ನೋ ನೀನೆಂದು ತಿಳಿದು ಹೇಳುತ್ತಿದ್ದರು. ನಾನು ತಿದ್ದಲು ಹೋಗಲಿಲ್ಲ.

ಸುಧಾ ಹಿಡಿದು ಕೂತಳು. ಸ್ಕ್ಯಾನ್ ಆಯಿತು, ಈ ಸಲ ನಿಜವಾಗಿ. ಭುಜದ ಮೇಲಿನ ದೊಡ್ಡ ಸ್ನಾಯುವಿನ ಒಳಗೆ ಒಂಬತ್ತು ಸೆಂಟಿಮೀಟರ್ ಇದೆ. ಸುತ್ತ ಬರೀ ಕೊಬ್ಬು, ಆದರೆ ನಡುವೆ ಎರಡು ದಪ್ಪ ಎಳೆಗಳು ಕಾಣುತ್ತವೆ, ಅವು ಇರಬಾರದು ಎಂದರು. ಅಪ್ಪನಿಗೂ ಎಳೆಗಳು ಎಂದಿದ್ದರು, ನಿನಗೆ ನೆನಪಿರಬೇಕು. ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದರಲ್ಲಿ ಕೆಟ್ಟದ್ದೇನೂ ಸಿಕ್ಕಿಲ್ಲ. ಆದರೆ ಸೂಜಿ ಮುಟ್ಟಿದ್ದು ಒಂದೇ ಮೂಲೆ, ಇಡಿಯಾಗಿ ತೆಗೆದು ನೋಡುವವರೆಗೆ ಖಾತ್ರಿಯಿಲ್ಲವಂತೆ. ಜೂನ್ ಹನ್ನೊಂದಕ್ಕೆ ಆಪರೇಷನ್.

ನೀನು ಬರುವ ಅಗತ್ಯವಿಲ್ಲ. ಬಂದರೆ ನಾನು ಟೇಬಲ್ಲಿನಿಂದ ಎದ್ದು ಬರುತ್ತೇನೆ. ನನ್ನ ಚರ್ಮದ ದಪ್ಪದ ಬಗ್ಗೆ ಬರೆದದ್ದನ್ನು ಮರೆತಿಲ್ಲ.

ಕರಿಬಸಪ್ಪ

—

ಮಾದಾಪುರ
2 ಜುಲೈ 2024

ಕೊಬ್ಬು ಮಾತ್ರ. ಕ್ಯಾನ್ಸರ್ ಅಲ್ಲ. ನಿನಗೆ ನಿರಾಸೆಯಾಗಿರಬೇಕು.

ಕರಿಬಸಪ್ಪ

—

ಕರಿಕೆ
10 ಜುಲೈ 2024

ಅಣ್ಣ,

ಆಪರೇಷನ್ ದಿನ ಬೆಳಗಿನಿಂದ ಸಂಜೆಯವರೆಗೆ ಗುಡ್ಡದ ತಿರುವಿನಲ್ಲಿ ಕೊಡೆ ಹಿಡಿದು ನಿಂತಿದ್ದೆ. ಆಯಿತು, ಎಚ್ಚರವಾಗಿದೆ ಎಂದು ಅತ್ತಿಗೆಯ ಸಂದೇಶ ಬಂದಾಗ ಆರು ಗಂಟೆ. ಆಮೇಲೆ ತೆಗೆದ ಗಂಟಿನ ವರದಿಗೆ ಮೂರು ವಾರ. ವರದಿ ಬಂದಿದೆ, ಅದನ್ನು ಅವರೇ ಬರೆಯುತ್ತಾರಂತೆ ಎಂದಷ್ಟೇ ಅತ್ತಿಗೆ ತಿಳಿಸಿದರು. ನಾನು ಉಣ್ಣುತ್ತಾ ಅದನ್ನೇ ನೆನೆದೆ, ಡ್ಯೂಟಿಯಲ್ಲಿ ಇನ್ನೊಬ್ಬರಿಗೆ ಇಂಜೆಕ್ಷನ್ ಕೊಡುತ್ತಾ ಅದನ್ನೇ ನೆನೆದೆ.

ಆಮೇಲೆ ನಿನ್ನ ಮೂರು ಸಾಲು. ಕೋಳಿ ಕಾಲಿನ ಅಕ್ಷರ. ಸಾಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಳಿದು ಹೋಗಿದೆ, ನನ್ನ ಹೆಸರೂ ಇಲ್ಲ. ಬಸ್ಸಿನಲ್ಲಿ ಕೂತು ಗೀಚಿದೆಯೋ, ಇಲ್ಲ ಬೇಕೆಂದೇ ಹೀಗೆ ಬರೆದೆಯೋ? ಒಂದು ಮೇಜಿನ ಮುಂದೆ ಕೂತು ಬರೆಯುವಷ್ಟು ಬೆಲೆಯೂ ನನ್ನ ಕಾಯುವಿಕೆಗೆ ಇಲ್ಲವೇ?

ನಿರಾಸೆಯಂತೆ. ನೀನು ಸಾಯಲಿ ಎಂದು ನಾನು ಬಯಸಿದ್ದ ದಿನಗಳು ಇದ್ದವು, ಸುಳ್ಳು ಹೇಳುವುದಿಲ್ಲ. ಈ ಮೂರು ವಾರದಲ್ಲಿ ಅಂಥ ದಿನ ಒಂದೂ ಇರಲಿಲ್ಲ. ನಿನ್ನ ಕಾಗದ ಬಂದ ದಿನ ಮಾತ್ರ ಸ್ವಲ್ಪ ಹೊತ್ತು ಇತ್ತು.

ವಿನುತಾ

—

ಮಾದಾಪುರ
5 ಆಗಸ್ಟ್ 2024

ವಿನುತಾ,

ಭಾಗಮಂಡಲದ ಆಚೆ ಗುಡ್ಡ ಕುಸಿದು ನಿನ್ನ ಕಾಗದ ತಡವಾಗಿ ಬಂತು. ಇದೂ ಯಾವಾಗ ತಲುಪುತ್ತದೋ.

ಆ ಮೂರು ಸಾಲು ಬರೆದದ್ದು ಎಡಗೈಯಲ್ಲಿ. ಬಲಗೈಯನ್ನು ಪಟ್ಟಿ ಬಿಗಿದು ಮೈಗೇ ಕಟ್ಟಿದ್ದರು, ಆರು ವಾರ. ಬಿಡಿಬಿಡಿಯಾಗಿ ಬರೆದು ಮುಗಿಸಲು ಅರ್ಧ ಬೆಳಗು ಹಿಡಿಯಿತು. ಮೂರನೆಯ ಸಾಲಿನಷ್ಟಕ್ಕೆ ಸಿಟ್ಟು ಬಂತು, ಅದನ್ನು ನಿನ್ನ ಮೇಲೆ ತೀರಿಸಿದೆ. ಬೇರೆ ಯಾರ ಕೈಲಾದರೂ ಬರೆಸಬಹುದಿತ್ತು. ಬರೆಸಲು ಮನಸ್ಸು ಬರಲಿಲ್ಲ.

ಗಂಟು ಒಂದು ಉಂಡೆಯಾಗಿ ಇರಲಿಲ್ಲವಂತೆ. ಸ್ನಾಯುವಿನ ಎಳೆಗಳ ನಡುವೆ ಬೇರಿನ ಹಾಗೆ ನುಗ್ಗಿತ್ತು. ಸ್ನಾಯುವನ್ನು ಉದ್ದಕ್ಕೆ ಬಿಡಿಸಿ, ಸ್ವಲ್ಪ ಸ್ನಾಯುವನ್ನೂ ಸೇರಿಸಿ ತೆಗೆದಿದ್ದಾರೆ. ನರವನ್ನು ಪಕ್ಕಕ್ಕೆ ಸರಿಸಿ ಉಳಿಸಿದ್ದಾರೆ, ಆದರೆ ಅದು ಎಚ್ಚರವಾಗಲು ತಿಂಗಳುಗಳು ಬೇಕಂತೆ. ಈಗ ಬೆರಳು, ಮೊಣಕೈ ಸರಿಯಿವೆ, ಬರೆಯಬಲ್ಲೆ. ಭುಜ ಏಳುವುದಿಲ್ಲ. ಅಂಗಿಯನ್ನು ಸುಧಾ ತೊಡಿಸಬೇಕು. ಈ ಕೈ ಇನ್ನು ಏಣಿ ಹೊರುತ್ತದೆಯೋ ಇಲ್ಲವೋ ಎಂದು ಕೇಳಿದರೆ ಡಾಕ್ಟರು ನೋಡೋಣ ಎನ್ನುತ್ತಾರೆ.

ಬರೆಯಬೇಕಾದದ್ದು ಇನ್ನೊಂದಿದೆ. ಕೈ ಕಟ್ಟಿದ್ದ ಆರು ವಾರ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂರುತ್ತಿದ್ದೆ. ನೀರೆರೆಯಲು, ವಿಭೂತಿ ಹಚ್ಚಲು, ಪತ್ರೆ ಏರಿಸಲು ಬಲಗೈ ಇಲ್ಲ. ಸುಧಾ ಮಾಡಿ ಕೊಡುತ್ತಿದ್ದಳು, ನಾನು ನೋಡುತ್ತಿದ್ದೆ. ಮೊದಲ ವಾರವೇ ಅಳು ಬಂತು. ಆರು ವಾರಕ್ಕೆ ನನಗೆ ಹೀಗಾದರೆ ಹನ್ನೊಂದು ವರ್ಷ ಒಬ್ಬಳನ್ನು ಅದೂ ಇಲ್ಲದ ಹಾಗೆ ಮಾಡಿ ಕಳಿಸಿದೆನಲ್ಲ ಎಂದು ಆಗ ಹೊಳೆಯಿತು. ಏಪ್ರಿಲಿನಲ್ಲಿ ನೀನು ಹುಡುಕಿ ಸಿಗಲಿಲ್ಲ ಎಂದೆಯಲ್ಲ, ಆ ಸಾಲು ಇದು. ನಾನು ಮಾಡಿದ್ದು ತಪ್ಪು.

ನಿನ್ನ ಲಿಂಗ ಇಲ್ಲೇ ಇದೆ. ದೇವರ ಮನೆಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದೇನೆ. ಹೇಳಿದರೆ ಮಠದವರ ಕೈಯಲ್ಲಿ ಕಳಿಸಿಕೊಡುತ್ತೇನೆ.

ಅಣ್ಣ

—

ಕರಿಕೆ
30 ಆಗಸ್ಟ್ 2024

ಅಣ್ಣ,

ಕಳಿಸಬೇಡ.

ನನ್ನ ಕೊರಳಿನಲ್ಲಿ ಲಿಂಗ ಇದೆ. ಹತ್ತು ವರ್ಷದಿಂದ ಇದೆ. ಮದುವೆಯಾಗಿ ಒಂದು ವರ್ಷ ತುಂಬುವುದರೊಳಗೆ ಮಠಕ್ಕೆ ಹೋಗಿ, ಅಯ್ಯನವರ ಮುಂದೆ ಕೂತು, ನಡೆದದ್ದನ್ನೆಲ್ಲ ಹೇಳಿ ಹೊಸದಾಗಿ ಕಟ್ಟಿಸಿಕೊಂಡೆ. ಎರಡು ಬಸ್ಸು ಬದಲಿಸಿ ಕರೆದುಕೊಂಡು ಹೋದದ್ದು ಸೋಮಯ್ಯ. ನಿಮಗೆ ಬೇಸರವಿಲ್ಲವೇ ಎಂದು ಕೇಳಿದ್ದಕ್ಕೆ, "ನಿಂಗೆ ಬೇಕಾರೆ ಹಾಕಿಕೊ, ನಂಗೆಂಥ ಕಷ್ಟ" ಎಂದರು. ಅಷ್ಟೇ ಅವರು ಆಡಿದ ಮಾತು. ಪ್ರತಿ ವರ್ಷ ಹೋಗಿ ಬರುತ್ತೇವೆ. ಅಯ್ಯನವರಿಗೆ ಮರುಳು ಹಿಡಿದಿಲ್ಲ.

ಇದನ್ನು ನಿನಗೆ ಹೇಳಬಾರದು ಎಂದೇ ಇಟ್ಟುಕೊಂಡಿದ್ದೆ. ನೀನು ನನ್ನಿಂದ ಕಿತ್ತುಕೊಂಡದ್ದು ನಿನ್ನ ಹತ್ತಿರವೇ ಇದೆ, ಅದಿಲ್ಲದೆ ನಾನು ಸತ್ತಂತಾಗಿದ್ದೇನೆ ಎಂದು ನೀನು ಹೆಮ್ಮೆಪಡುತ್ತಿರು, ಒಂದು ದಿನ ಅದರ ಭಾರ ನಿನಗೇ ತಿಳಿಯಲಿ ಎಂದು. ತಿಳಿಯಿತಲ್ಲ. ಸಂತೋಷವಾಗುತ್ತದೆ ಎಂದುಕೊಂಡಿದ್ದೆ, ಹೆಚ್ಚೇನೂ ಆಗಲಿಲ್ಲ.

ತಪ್ಪು ಎಂದು ಬರೆದಿದ್ದೀಯ. ಓದಿದೆ. ಪರವಾಗಿಲ್ಲ ಎಂದು ಬರೆಯಲು ನನಗೆ ಆಗುವುದಿಲ್ಲ. ಪರವಾಗಿಲ್ಲ ಎಂಬಂಥದ್ದಲ್ಲ ಅದು. ನನ್ನಿಂದ ಬರುವುದು ನರ್ಸಿನ ಮಾತು ಮಾತ್ರ, ಅದನ್ನು ಕೇಳು. ಗೋಡೆಗೆ ಪಕ್ಕ ಕೊಟ್ಟು ನಿಂತು ಬಲಗೈಯ ಬೆರಳುಗಳನ್ನು ಗೋಡೆಯ ಮೇಲೆ ಹತ್ತಿಸು, ಎಷ್ಟು ಎತ್ತರಕ್ಕೆ ಹೋಯಿತೋ ಅಲ್ಲಿ ಇದ್ದಲಿನಲ್ಲಿ ಗೆರೆ ಎಳೆ. ಬೆಳಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ಗೆರೆ ಒಂದು ತಿಂಗಳು ಮೇಲೇರದಿದ್ದರೆ ಎದೆಗುಂದಬೇಡ, ನರ ದಿನಕ್ಕೆ ಒಂದು ಕೂದಲೆಳೆಯಷ್ಟು ಮಾತ್ರ ಬೆಳೆಯುತ್ತದೆ. ಕರಿಯನ ಎಣ್ಣೆ ಬೇಡ.

ಹೀಗೆ ಸ್ನಾಯುವಿನೊಳಗೆ ಬೇರು ಬಿಟ್ಟದ್ದು ಕೆಲವರಲ್ಲಿ ಮತ್ತೆ ಬರುವುದುಂಟು. ಬಂದರೂ ಕ್ಯಾನ್ಸರ್ ಅಲ್ಲ, ಆದರೆ ನೋಡುತ್ತಿರಬೇಕು. ಆರು ತಿಂಗಳಿಗೆ ಇನ್ನೊಂದು ಎಂಆರ್‌ಐ ಎಂದು ಚೀಟಿಯಲ್ಲಿ ಬರೆದಿದ್ದಾರೆ, ಅತ್ತಿಗೆ ಫೋಟೋ ಕಳಿಸಿದ್ದಾರೆ. ಅಂದರೆ ಡಿಸೆಂಬರ್. ಅತ್ತಿಗೆಗೆ ಆಗ ಅರೇಬಿಕಾ ಕಾಫಿ ಪಿಕ್ಕಿಂಗ್, ನಿನ್ನ ಕೈ ಏಳದಿದ್ದರೆ ತೋಟ ಅವರೊಬ್ಬರ ಮೇಲೆ ಬೀಳುತ್ತದೆ. ನಿನ್ನದನ್ನು ಯಾರ ಅಂಗೈಗೆ ಕೊಟ್ಟು ಒಳಗೆ ಹೋಗುತ್ತೀಯ ಎಂದು ನೀನೇ ಯೋಚಿಸಿಕೋ. ನಾನಾಗಿ ಬರುತ್ತೇನೆ ಎಂದು ಹೇಳುವುದಿಲ್ಲ. ಒಂದು ಸಲ ಆ ಹೊಸ್ತಿಲಿನಿಂದ ಹೊರಗೆ ಹೋದವಳು ಕರೆಯದೆ ಬರುವುದಿಲ್ಲ.

ವಿನುತಾ

—

ಮಾದಾಪುರ
25 ನವೆಂಬರ್ 2024

ವಿನುತಾ,

ಡಿಸೆಂಬರ್ ಒಂಬತ್ತು, ಸೋಮವಾರ, ಬೆಳಗ್ಗೆ ಹತ್ತು ಗಂಟೆ, ಮೈಸೂರಿನ ಆಸ್ಪತ್ರೆಯಲ್ಲಿ. ಸ್ನಾನ ಮಾಡಿಕೊಂಡು ಬಾ. ಸುಧಾಗೆ ಬರುವುದಕ್ಕೆ ಆಗುತ್ತಿತ್ತು, ನಾನೇ ಬೇಡವೆಂದೆ.

ಅಣ್ಣ